ಡಂಜನ್ಸ್ ಅಂಡ್ ಡ್ರ್ಯಾಗನ್ಸ್: 2014ರ ಪುಸ್ತಕ ಇರುವಾಗ 2024ರದ್ದು ಕೊಳ್ಳಬೇಕೇ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಪಾತ್ರ ವಹಿಸಿ, ದಾಳ ಉರುಳಿಸಿ, ಕಥೆ ಕಟ್ಟುತ್ತಾ ಆಡುವ ಆಟ. ಚಿಕ್ಕಮಗಳೂರಿನಲ್ಲಿ ಐದು ಜನ ಸೇರಿ ಅದರ 2014ರ ನಿಯಮಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ ಇಟ್ಟುಕೊಂಡು ಆಡುತ್ತಿದ್ದೀರಿ, 2024ರ ಹೊಸ ಆವೃತ್ತಿ ಕೊಳ್ಳಬೇಕೇ ಅಂತ ಕೇಳಿದಿರಿ. ಕಥೆ ಅರ್ಧದಲ್ಲಿದ್ದರೆ ಈಗ ಕೊಳ್ಳಬೇಡಿ, ಮೊದಲು ಅದನ್ನು ಮುಗಿಸಿ. ಹೊಸ ಪಾತ್ರಗಳಿಂದ ಶುರು ಮಾಡುವುದಾದರೆ ಕೊಳ್ಳಬಹುದು. ಐವರಿಗೂ ಸೇರಿ ಒಂದೇ ಪ್ರತಿ ಸಾಕು.

ದುಡ್ಡು ಹಾಕುವ ಮುಂಚೆ ಉಚಿತವಾಗಿ ಸಿಗುವ, ಹೊಸ ನಿಯಮಗಳ ಸಾರವಾದ ಎಸ್‌ಆರ್‌ಡಿ 5.2 ಪಿಡಿಎಫ್ ಇಳಿಸಿಕೊಳ್ಳಿ. ಹನ್ನೆರಡೂ ಕ್ಲಾಸ್ (ಯೋಧ ಫೈಟರ್, ಮಂತ್ರಗಾರ ವಿಝರ್ಡ್ ಥರದ ಪಾತ್ರದ ಕಸುಬು) ಅದರಲ್ಲಿವೆ. ಆದರೆ ಪ್ರತಿಯೊಂದಕ್ಕೂ ಒಂದೇ ಸಬ್‌ಕ್ಲಾಸ್ (ಕ್ಲಾಸ್‌ನ ಒಳಬಗೆ), ಪುಸ್ತಕದಲ್ಲಾದರೆ ನಾಲ್ಕು. ಒಂದನೇ ಲೆವೆಲ್ಲಿನ ಪಾತ್ರ ಮಾಡಿ ಒಂದು ಕಾಳಗ ಆಡಿ ನೋಡಿ. ಫೈಟರ್ ಆಡುವವರಿಗೆ ಲಾಭ ತಕ್ಷಣ ಕಾಣುತ್ತದೆ: 'ವೆಪನ್ ಮಾಸ್ಟರಿ' ಎಂಬ ಹೊಸ ನಿಯಮದಿಂದ ಲಾಂಗ್‌ಸ್ವೋರ್ಡ್ ಏಟು ಬಿದ್ದರೆ ಎದುರಾಳಿಯ ಮುಂದಿನ ದಾಳಿಗೆ ಡಿಸ್‌ಅಡ್ವಾಂಟೇಜ್, ಅಂದರೆ ದಾಳ ಎರಡು ಸಲ ಉರುಳಿಸಿ ಕಡಿಮೆ ಬಂದದ್ದನ್ನೇ ತೆಗೆದುಕೊಳ್ಳಬೇಕು. ಇದನ್ನು ಪ್ರತಿ ಏಟಿಗೂ ನೆನಪಿಡಬೇಕಾದ್ದರಿಂದ ಕಾಳಗ ತುಸು ನಿಧಾನವಾಗುತ್ತದೆ. ವಿಝರ್ಡ್ ಆಡುವವರಿಗೆ ಅಷ್ಟೇನೂ ವ್ಯತ್ಯಾಸ ಅನ್ನಿಸದು.

ಎರಡೂ ಪುಸ್ತಕ ಬೆರೆಸಿದಾಗಲೇ ತಕರಾರು. ಹಳೆಯದರಲ್ಲಿ ಎಬಿಲಿಟಿ ಅಂಕದ (ಬಲ, ಬುದ್ಧಿ ಮುಂತಾದವು) ಹೆಚ್ಚಳ ರೇಸ್‌ನಿಂದ (ಎಲ್ಫ್, ಡ್ವಾರ್ಫ್ ಥರದ ಕುಲ), ಹೊಸದರಲ್ಲಿ ಬ್ಯಾಕ್‌ಗ್ರೌಂಡ್‌ನಿಂದ (ಪಾತ್ರದ ಹಿಂದಿನ ಬದುಕು). ಹಳೆಯ ರೇಸ್, ಹೊಸ ಬ್ಯಾಕ್‌ಗ್ರೌಂಡ್ ಆರಿಸಿದವರು ರೇಸ್‌ನ ಹೆಚ್ಚಳ ಬಿಟ್ಟು ಬ್ಯಾಕ್‌ಗ್ರೌಂಡ್‌ನದ್ದನ್ನು ಮಾತ್ರ ತೆಗೆದುಕೊಳ್ಳಬೇಕು ಎನ್ನುತ್ತದೆ ಹೊಸ ಪುಸ್ತಕ; ಇದನ್ನು ಮರೆತರೆ ಎರಡು ಸಲ ಸಿಕ್ಕಿಬಿಡುತ್ತದೆ. ಗಾಯ ಮಾಯಿಸುವ 'ಕ್ಯೂರ್ ವೂಂಡ್ಸ್' ಮಂತ್ರಕ್ಕೆ ಮೊದಲು ಒಂದು ಎಂಟು ಮುಖದ ದಾಳ, ಈಗ ಎರಡು. ಹಾಗಾಗಿ ಎಲ್ಲರ ಪಾತ್ರವೂ, ಎಲ್ಲ ಮಂತ್ರವೂ ಒಂದೇ ಆವೃತ್ತಿಯವಾಗಿರಲಿ.

ಹಳೆಯ ಸಾಹಸಕಥೆಗಳನ್ನು ಎಸೆಯಬೇಕಿಲ್ಲ; ರಾಕ್ಷಸರ ಅಂಕಿಅಂಶವನ್ನು ಮಾತ್ರ ಅದೇ ಹೆಸರಿನಡಿ ಹೊಸ ಮಾನ್‌ಸ್ಟರ್ ಮ್ಯಾನ್ಯುಯಲ್‌ನಿಂದ (ರಾಕ್ಷಸರ ಪುಸ್ತಕ) ತೆಗೆದುಕೊಳ್ಳಿ. ಮಳೆಗಾಲದಲ್ಲಿ ತರಿಸಿದರೆ ಗೋಡೆಗೆ ತಾಗಿಸಿ ಇಡಬೇಡಿ, ನಮ್ಮ ಕಡೆಯ ಥಂಡಿಗೆ ರಟ್ಟು ಬೂಷ್ಟು ಹಿಡಿಯುತ್ತದೆ.