ಇಂಡಕ್ಷನ್ ಒಲೆಯ ಮೇಲೆ ಕೆಲವು ಪಾತ್ರೆಗಳು ಯಾಕೆ ಬಿಸಿಯಾಗುವುದಿಲ್ಲ?

ಒಲೆ ಕೆಟ್ಟಿಲ್ಲ. ಪಾತ್ರೆಯ ತಳದಲ್ಲಿ ಆಯಸ್ಕಾಂತಕ್ಕೆ ಅಂಟುವ ಲೋಹ ಇಲ್ಲ, ಅಷ್ಟೇ. ಅದಕ್ಕೇ ಹಳೇ ಅಲ್ಯೂಮಿನಿಯಂ ಕುಕ್ಕರ್ ಇಟ್ಟರೆ ಒಲೆ ಬೀಪ್ ಬೀಪ್ ಅಂತ ಕೂಗಿ ನಿಂತುಬಿಡುತ್ತದೆ.

ಈ ಒಲೆ ತಾನು ಕಾದು ಪಾತ್ರೆಯನ್ನು ಕಾಯಿಸುವುದಿಲ್ಲ. ಮೇಲಿನ ಗಾಜಿನ ಕೆಳಗೆ ತಾಮ್ರದ ತಂತಿಯ ಸುರುಳಿ ಇದೆ. ಅದರಲ್ಲಿ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಇದರಿಂದ ಹುಟ್ಟುವ ಕಾಂತಕ್ಷೇತ್ರ, ಅಂದರೆ ಆಯಸ್ಕಾಂತದ ಪ್ರಭಾವ, ಪಾತ್ರೆಯ ತಳದಲ್ಲೂ ಕರೆಂಟು ಹರಿಸುತ್ತದೆ. ಕಬ್ಬಿಣದಲ್ಲಿ ಆ ಕರೆಂಟು ತಳದ ತೀರಾ ತೆಳುವಾದ ಪದರದಲ್ಲೇ ನುಸುಳಿಕೊಂಡು ಹೋಗಬೇಕು. ತಡೆ ಜಾಸ್ತಿ, ಹಾಗಾಗಿ ತಳವೇ ಕಾಯುತ್ತದೆ. ಅಲ್ಯೂಮಿನಿಯಂ, ತಾಮ್ರದಲ್ಲಿ ಕರೆಂಟು ಸಲೀಸಾಗಿ ಹರಿದುಬಿಡುತ್ತದೆ. ಅಷ್ಟು ಕಡಿಮೆ ತಡೆ ಇದ್ದರೆ ಅಡುಗೆಗೆ ಬೇಕಾದಷ್ಟು ಶಾಖ ಎಲ್ಲಿಂದ ಬರಬೇಕು?

ಜನ ಮೋಸಹೋಗುವುದು ಸ್ಟೀಲ್ ಪಾತ್ರೆಯಲ್ಲಿ. ‘ಸ್ಟೀಲ್ ತಾನೇ, ನಡೆಯುತ್ತೆ’ ಅಂದುಕೊಳ್ಳುತ್ತೇವೆ. ಆದರೆ ನಿಕ್ಕಲ್ ಜಾಸ್ತಿ ಬೆರೆಸಿದ ಒಳ್ಳೆಯ ಸ್ಟೀಲಿಗೂ ಆಯಸ್ಕಾಂತ ಸರಿಯಾಗಿ ಅಂಟುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವಾಗ ಫ್ರಿಜ್ಜಿಗೆ ಅಂಟಿಸಿದ ಆಯಸ್ಕಾಂತ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಪಾತ್ರೆಯನ್ನು ಬೋರಲು ಹಾಕಿ ತಳಕ್ಕೇ ಹಿಡಿಯಿರಿ, ಪಕ್ಕಕ್ಕಲ್ಲ. ಇಂಡಕ್ಷನ್ ಕುಕ್ಕರ್‌ಗಳಲ್ಲಿ ಎಷ್ಟೋ ಸಲ ಮೈ ಅಲ್ಯೂಮಿನಿಯಂ, ತಳದಲ್ಲಿ ಮಾತ್ರ ಅಂಟುವ ಸ್ಟೀಲ್ ತಟ್ಟೆ ಕೂರಿಸಿರುತ್ತಾರೆ. ಗಟ್ಟಿಯಾಗಿ ಕಚ್ಚಿಕೊಂಡರೆ ಧೈರ್ಯವಾಗಿ ತಗೊಳ್ಳಿ. ತಳ ಚಪ್ಪಟೆಯಾಗಿದೆಯಾ ಅಂತಲೂ ನೋಡಿ. ಗುಂಡು ತಳದ ಬಾಣಲೆ ಕಬ್ಬಿಣದ್ದೇ ಆದರೂ ಗಾಜಿನಿಂದ ದೂರ ನಿಂತು ಸರಿಯಾಗಿ ಕಾಯುವುದಿಲ್ಲ. ಅಜ್ಜಿ ಕಾಲದ ಕಬ್ಬಿಣದ ದೋಸೆ ಹೆಂಚು ಮಟ್ಟಸವಾಗಿದ್ದರೆ ಚೆನ್ನಾಗಿಯೇ ಕಾಯುತ್ತದೆ.