ನಮಗೆ ಬೇರೆ ಸಂವಿಧಾನ ಇಲ್ಲ ದೋಸ್ತ, ಸರ್ಟಿಫಿಕೇಟು ಮಾತ್ರ ಬೇರೆ ಇದೆ

"ನಿಮ್ಮ ಕಡೆಯವರಿಗೆ ಬೇರೆ ಸಂವಿಧಾನಾನೇ ಇದೆಯಂತಲ್ಲೋ, ಸರ್ಕಾರಿ ಕೆಲಸ ಮನೆ ಬಾಗಿಲಿಗೇ ಬರುತ್ತಂತೆ" ಅಂತ ಮೊನ್ನೆ ಫೋನಲ್ಲಿ ನೀನು ಕೇಳಿದೆ. ಆಗ ನಾನು ಸುಮ್ನೆ ನಕ್ಕುಬಿಟ್ಟೆ. ರಾತ್ರಿ ಮಲಗಿದ ಮೇಲೆ ಸಿಟ್ಟು ಬಂತು. ಅದಕ್ಕೇ ಬರೀತಿದ್ದೇನೆ.

ನಿನಗಿರುವ ಸಂವಿಧಾನವೇ ನಮಗೂ ಇರೋದು. ಅದರೊಳಗೆ ಕೆಲವು ರಾಜ್ಯ, ಪ್ರದೇಶಗಳಿಗೆ ವಿಶೇಷ ಅವಕಾಶ ಕೊಡುವ 371 ಅಂತ ಒಂದು ಕಲಂ ಇದೆ, ಅದರ ಬಾಲ ಉದ್ದ. ನಾಗಾಲ್ಯಾಂಡಿಗೆ ಎ, ಸಿಕ್ಕಿಮ್ಮಿಗೆ ಎಫ್, ಗೋವಾಕ್ಕೆ ಐ. ಕೊನೆಗೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಜೆ. ನಾಗಾಲ್ಯಾಂಡಿನವರಿಗೆ ನೀನು ಹೀಗೆ ಕೇಳ್ತೀಯಾ? ಇಲ್ಲ. ರಾಯಚೂರು ಜಿಲ್ಲೆಯ ಸಿಂಧನೂರಿನವನು ಅಂದರೆ ಕೇಳ್ತೀಯ.

ರಾಯಚೂರು, ಕೊಪ್ಪಳದ ಕಡೆ ಆಗ ನಿಜಾಮನ ಆಳ್ವಿಕೆ. 1947ರ ಆಗಸ್ಟ್ 15ಕ್ಕೆ ನಿಮ್ಮಲ್ಲಿ ಸಿಹಿ ಹಂಚಿದರು, ನಮಗೆ ಅದು ಬಂದಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಇವತ್ತಿಗೂ ನಮ್ಮ ಕಡೆ ಆ ದಿನ ಬಾವುಟ ಏರಿಸುತ್ತೇವೆ, ನಿಮ್ಮ ಕ್ಯಾಲೆಂಡರಿನಲ್ಲಿ ಅದು ಬರೀ ಒಂದು ತಾರೀಖು. ಅದೇ ನಿಜಾಮನ ಕೈಕೆಳಗಿದ್ದ ತೆಲಂಗಾಣದವರಿಗೆ 371ಡಿ ಸಿಕ್ಕಿದ್ದು 1973ರ ತಿದ್ದುಪಡಿಯಲ್ಲಿ. ನಮಗೆ? ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಗಿಳಿದು ಹೋರಾಡಿದ ಮೇಲೆ, 2012ರಲ್ಲಿ, 98ನೇ ತಿದ್ದುಪಡಿ. ಗಡಿಯ ಆ ಕಡೆಗೂ ಈ ಕಡೆಗೂ ನಲವತ್ತು ವರ್ಷದ ಅಂತರ. ಬಳ್ಳಾರಿ ಆಗ ಮದ್ರಾಸಿನ ಕೆಳಗಿತ್ತು, 1953ರಲ್ಲಿ ಮೈಸೂರಿಗೆ ಸೇರಿತು, ಅದರದು ಬೇರೆಯೇ ಕಥೆ, ಆದರೂ ಈ ಜೆ ಒಳಗೆ ಅದೂ ಇದೆ.

ಈಗ ಬಾಗಿಲಿಗೆ ಬರುವ ಕೆಲಸದ ವಿಷಯ. ನಮ್ಮ ಭಾಗದ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಸ್ಥಳೀಯರಿಗೆ ಶೇ. 75, ಸಿ ಗುಂಪಿನಲ್ಲಿ 80, ಡಿ ಗುಂಪಿನಲ್ಲಿ 85. ಇಲ್ಲಿನ ಕಾಲೇಜು ಸೀಟುಗಳಲ್ಲಿ ಶೇ. 70, ರಾಜ್ಯದ ಬೇರೆ ಕಡೆ ಶೇ. 8. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಹುದ್ದೆ ತುಂಬಿದರೆ ತಾನೇ ಅದರಲ್ಲಿ ಪಾಲು. ಖಾಲಿ ಕುರ್ಚಿಯಲ್ಲಿ ನೂರಕ್ಕೆ ಎಂಬತ್ತು ತಗೊಂಡು ಏನು ಮಾಡೋದು.

ಅದೂ ಇರಲಿ. ನನ್ನ ತಲೆ ತಿಂದಿರೋದು ಈ ಪಾಲು ಕೇಳೋಕೆ ಬೇಕಾದ, ನಾವು ಈ ಭಾಗದವರು ಅನ್ನೋ ಸರ್ಟಿಫಿಕೇಟು. ನಮ್ಮಲ್ಲಿ ಈಗಲೂ ಅದನ್ನು ಹೈ-ಕ ಸರ್ಟಿಫಿಕೇಟು ಅಂತಲೇ ಕರೀತಾರೆ, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂದರೂ. ನೀನು ಯುಪಿಎಸ್‌ಸಿಗೆ ಓದಿದವನು, ಕೇಂದ್ರ ರಾಜ್ಯ ಸಂಬಂಧ ಅಂತ ಪುಟಗಟ್ಟಲೆ ಬರೆದಿದ್ದೀಯ. ಇದನ್ನು ನೋಡಿದರೆ ಇಡೀ ದೇಶದ ಸರ್ಕಾರ ಹೇಗೆ ನಿಂತಿದೆ ಅಂತ ಒಂದೇ ಸಲಕ್ಕೆ ಗೊತ್ತಾಗುತ್ತೆ. ಕಲಂ ಸೇರಿಸಿದ್ದು ಸಂಸತ್ತು. ಆದೇಶ ಹೊರಡಿಸಿದ್ದು ರಾಷ್ಟ್ರಪತಿ. ವಿಶೇಷ ಜವಾಬ್ದಾರಿ ಇರೋದು ರಾಜ್ಯಪಾಲರಿಗೆ. ಅಭಿವೃದ್ಧಿ ಮಂಡಳಿಯ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕು. ನಿಯಮ ಮಾಡೋದು ವಿಧಾನಸೌಧ. ಸಹಿ ಹಾಕೋದು ಎಸಿ, ಅಂದರೆ ಅಸಿಸ್ಟೆಂಟ್ ಕಮಿಷನರ್. ಇಷ್ಟೆಲ್ಲ ಆದ ಮೇಲೆ "ಇವರು ಇಲ್ಲಿಯವರೇ ಹೌದು" ಅಂತ ಬರೆದುಕೊಡಬೇಕಾದದ್ದು ನಮ್ಮ ಹಳ್ಳಿಯ ತಲಾಟಿ, ಅಂದರೆ ಗ್ರಾಮ ಲೆಕ್ಕಿಗ! ಅವನು ಪಂಚನಾಮೆಗೆ ಬಂದ ದಿನ ಹೊಲದಲ್ಲಿ ಯಾರಿಗೋ ಜಗಳ ಆಗಿದ್ದರೆ ರಾಷ್ಟ್ರಪತಿಯ ಆದೇಶವೂ ಒಂದು ವಾರ ಕಾಯುತ್ತೆ.

ಹುಟ್ಟಿನಿಂದ ಅಥವಾ ವಾಸದಿಂದ ಈ ಭಾಗಕ್ಕೆ ಸೇರಿದವರು ಅಂತ ಸಂವಿಧಾನದಲ್ಲಿ ಬರೆದಿದೆ. ಓದೋಕೆ ಸರಳ. ಆದರೆ ಅದನ್ನು ಬರೆದವರಿಗೆ ನಮ್ಮ ಹೆಣ್ಣುಮಕ್ಕಳ ಮೊದಲ ಹೆರಿಗೆ ತವರಲ್ಲಿ ಆಗುತ್ತೆ ಅನ್ನೋದು ಯಾರೂ ಹೇಳಿಲ್ಲ ಅನ್ಸುತ್ತೆ. ನಮ್ಮ ಅತ್ತಿಗೆ ಗಡಿಯಾಚೆಯ ಗದ್ವಾಲದವರು. ಹಾಗಾಗಿ ಅಣ್ಣನ ದೊಡ್ಡ ಮಗಳು ಹುಟ್ಟಿದ್ದು ಗದ್ವಾಲದಲ್ಲಿ, ಸಣ್ಣವನು ಸಿಂಧನೂರಲ್ಲಿ. ಒಂದೇ ರೇಷನ್ ಕಾರ್ಡು, ಒಂದೇ ತಟ್ಟೆ. ಸಣ್ಣವನ ಸರ್ಟಿಫಿಕೇಟು ಸಲೀಸಾಗಿ ಬಂತು. ಮಗಳದು ಗಂಟಾಯಿತು.

ಅವಳ ಜನನ ಪತ್ರ ತೆಲುಗಿನಲ್ಲಿದೆ. ಮೇಲೆ ಆಂಧ್ರಪ್ರದೇಶ, ಕೆಳಗೆ ಮಹಬೂಬನಗರ ಜಿಲ್ಲೆ ಅಂತ ಇದೆ. ಈಗ ಗದ್ವಾಲ ಇರೋದು ತೆಲಂಗಾಣದಲ್ಲಿ, ಜಿಲ್ಲೆಯೂ ಬೇರೆ. ಕಚೇರಿಯ ಗುಮಾಸ್ತ ಪತ್ರವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಗೋಲ ಮೊಹರಿನ ಮೇಲೆ ಉಗುರಿನಿಂದ ಕೆರೆದು ನೋಡಿ, "ಈ ಊರು ಯಾವ ರಾಜ್ಯದಾಗ ಬರ್ತದ್ರಿ?" ಅಂದ. ನಾನು ಇತಿಹಾಸ ಶುರು ಮಾಡಿದೆ. ಸರ್, ಗದ್ವಾಲ, ಆಲಂಪುರ ಎರಡೂ 1956ರವರೆಗೆ ನಮ್ಮ ರಾಯಚೂರು ಜಿಲ್ಲೆಯ ತಾಲ್ಲೂಕುಗಳೇ, ಗೆರೆ ಎಳೆದದ್ದು ದಿಲ್ಲಿಯವರು, ನಾವಲ್ಲ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಅಪ್ಪನ ದಾಖಲೆ ತನ್ನಿ ಅಂದ.

ಅಪ್ಪನ ದಾಖಲೆ ಅಂದರೆ ಅದು ಇನ್ನೊಂದು ಪುರಾಣ. ಅಣ್ಣ ಮನೆಯಲ್ಲೇ ಹುಟ್ಟಿದವನು, ಸೂಲಗಿತ್ತಿ ಸರ್ಟಿಫಿಕೇಟು ಕೊಡಲ್ಲ. ಟಿಸಿಯಲ್ಲಿ ಅವನ ಹೆಸರು ಬಸಪ್ಪ, ಆಧಾರಿನಲ್ಲಿ ಬಸವರಾಜ. ಬಾಂಡ್ ಪೇಪರು, ನೋಟರಿ, ಅಫಿಡವಿಟ್ಟು, ಇಬ್ಬರೂ ಒಬ್ಬನೇ ಅಂತ. ಮಗಳು ಒಂದರಿಂದ ಹತ್ತರವರೆಗೆ ಇಲ್ಲೇ ಓದಿದ್ದಕ್ಕೆ ಶಾಲೆಯಿಂದ ವ್ಯಾಸಂಗ ಪತ್ರ, ಅದಕ್ಕೆ ಬಿಇಒ ಸಹಿ. ಸಿಇಟಿ ಕೌನ್ಸೆಲಿಂಗ್ ಇನ್ನೇನು ಬಂತು ಅನ್ನುವಾಗ ಕಂದಾಯ ನಿರೀಕ್ಷಕ, ಆರ್‌ಐ, ರಜೆ. ಕಡೆಗೂ ಸಿಕ್ಕಿತು, ಸೀಟೂ ಸಿಕ್ಕಿತು, ಆದರೆ ಆ ಎರಡು ತಿಂಗಳು ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿಲ್ಲ. ನೀನು "ಮನೆ ಬಾಗಿಲಿಗೇ ಬರುತ್ತೆ" ಅಂದಿದ್ದು ಇದಕ್ಕೆ.

ಉಳಿದದ್ದು ಬೇಗ ಹೇಳಿಬಿಡ್ತೇನೆ. ನಮ್ಮ ಜಿಲ್ಲೆ ರಾಯಚೂರು, ಆದರೆ ನಮ್ಮ ಎಂಪಿ ಕೊಪ್ಪಳದವರು. ಸಿಂಧನೂರು, ಮಸ್ಕಿ ಎರಡೂ ಕೊಪ್ಪಳ ಲೋಕಸಭೆಗೆ ಸೇರಿವೆ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪವೂ. ನಾನು ಹೈಕೋರ್ಟಿಗೆ ಹೋಗಬೇಕಾದರೆ ಕಲಬುರಗಿ, ಪಕ್ಕದ ಕೊಪ್ಪಳದವನು ಧಾರವಾಡ. ತುಂಗಭದ್ರಾ ಡ್ಯಾಮು ಕರ್ನಾಟಕದ ನೆಲದಲ್ಲಿದೆ, ನಡೆಸೋದು ತುಂಗಭದ್ರಾ ಮಂಡಳಿ, ಅದರ ಅಧ್ಯಕ್ಷರನ್ನು ಕಳಿಸೋದು ಕೇಂದ್ರ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಯಾರನ್ನು ಬೈಯಬೇಕು ಅಂತ ನಮ್ಮ ಭತ್ತದ ರೈತರಿಗೆ ಎರಡು ದಿನ ಗೊತ್ತಾಗಲಿಲ್ಲ. ಆಮೇಲೆ ಎಲ್ಲರನ್ನೂ ಬೈದರು.

ಇಷ್ಟಾದರೂ ನಮ್ಮೂರ ಸಂತೆಗೆ ಒಂದು ಸಲ ಬಾ. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರ ತೆಲುಗು, ನಿರಾಶ್ರಿತರಾಗಿ ಬಂದ ಆರ್‌ಎಚ್ ಕ್ಯಾಂಪಿನವರ ಬಂಗಾಳಿ, ನಮ್ಮ ಕನ್ನಡ, ಉರ್ದು, ನಾಲ್ಕರಲ್ಲೂ ಚೌಕಾಸಿ ನಡೀತದೆ. ನಾನೂ ನಾಲ್ಕರಲ್ಲೂ ಬೈಯಬಲ್ಲೆ. "ನೀವು ಅರ್ಧ ತೆಲುಗಿನವರು" ಅಂತ ಬೆಂಗಳೂರಲ್ಲಿ ಅಂತೀರಿ, ಗದ್ವಾಲದಲ್ಲಿ ಬೀಗರು "ಕನ್ನಡೋಳ್ಳು" ಅಂತಾರೆ. ನಾವು ಇಲ್ಲಿಯವರು ಅಂತ ಸಾಬೀತು ಮಾಡೋಕೆ ಮಾತ್ರ ಎಸಿ ಸಹಿ ಬೇಕು. ನಿನಗೆ ಯಾವತ್ತಾದರೂ ನೀನು ಮೈಸೂರಿನವನು ಅಂತ ಯಾರಾದರೂ ಕಾಗದ ಕೇಳಿದ್ದಾರಾ?

ಈಗ ತಮ್ಮನ ಹೆಂಡತಿಗೆ ಏಳು ತಿಂಗಳು. ಆಕೆಯ ತವರು ಆದೋನಿ, ಅದೂ 1953ರವರೆಗೆ ಬಳ್ಳಾರಿ ಜಿಲ್ಲೆಯದೇ, ಈಗ ಆಂಧ್ರ. ಕುಬಸ, ನಿಮ್ಮ ಕಡೆಯ ಸೀಮಂತ, ಮಾಡಿ ಕರೆದುಕೊಂಡು ಹೋಗ್ತೇವೆ ಅಂತ ಬೀಗರು ದಿನ ನೋಡಿಸಿದ್ದಾರೆ. ಅವ್ವ ಬಿಲ್‌ಕುಲ್ ಒಪ್ಪುತ್ತಿಲ್ಲ. ಅಪ್ಪನ ದಾಖಲೆ ಮೇಲೂ ಸರ್ಟಿಫಿಕೇಟು ಸಿಗ್ತದೆ ಅಂತ ನಾನು ಎಷ್ಟು ಹೇಳಿದರೂ ಕೇಳಲ್ಲ, ದೊಡ್ಡ ಮೊಮ್ಮಗಳದು ನೋಡಿದವಳು. ಬಾಣಂತನ ಬೇಕಾದರೆ ಆದೋನಿಯಲ್ಲಿ ಮಾಡಿಕೊಳ್ಳಿ, ಹೆರಿಗೆ ಮಾತ್ರ ಸಿಂಧನೂರು ಆಸ್ಪತ್ರೆಯಲ್ಲೇ ಅಂತ ಹಟ ಹಿಡಿದಿದ್ದಾಳೆ. ಬೀಗರು ಮುನಿಸಿಕೊಂಡು ನಾಲ್ಕು ದಿನದಿಂದ ಫೋನ್ ಎತ್ತುತ್ತಿಲ್ಲ.