ಮುಧೋಳ ಹೆಣ್ಣು ನಾಯಿಗೆ ಆಪರೇಷನ್: ಸಂಕ್ರಾಂತಿ ಕಳೆಯಲಿ, ಶಿವರಾತ್ರಿ ದಾಟದಿರಲಿ

ಕುಷ್ಟಗಿಯ ಅಣ್ಣನವರೇ, ನಿಮ್ಮ 14 ತಿಂಗಳ ಮುಧೋಳ ಹೆಣ್ಣು ನಾಯಿಯ ಮೊದಲ ಬೆದೆ ದೀಪಾವಳಿಗೆ ಮುಗಿದಿದೆ, ಮಕ್ಕಳಾಗದ ಆಪರೇಷನ್ ಮಾಡಿಸೋಣವೆಂದರೆ ಮನೆಯಲ್ಲಿ ‘ಒಂದು ಸಲವಾದರೂ ಮರಿ ಹಾಕಲಿ’ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಆ ಮಾತು ಕೇಳಿ ಕೆಟ್ಟವನು ನಾನು. ಮರಿ ಹಾಕುವುದರಿಂದ ನಾಯಿಯ ಆರೋಗ್ಯಕ್ಕೆ ಏನೂ ಲಾಭವಿಲ್ಲ.

ಸಿಂಧನೂರಿನ ನಮ್ಮ ಹೊಲದ ಮನೆಯಲ್ಲಿ ಏಳು ವರ್ಷದ ನಾಯಿ ಇತ್ತು. ಬೆದೆ ಮುಗಿದು ಒಂದೂವರೆ ತಿಂಗಳಾಗಿತ್ತು. ಎಮ್ಮೆಯ ಬಾನಿಗೆ ಬಾಯಿ ಹಾಕಿ ನೀರು ಕುಡಿಯುವುದು, ಹತ್ತು ಹೆಜ್ಜೆ ಹೋಗಿ ಮತ್ತೆ ತಿರುಗಿ ಬಂದು ಕುಡಿಯುವುದು. ಬಿಸಿಲಿಗೆ ಎಂದುಕೊಂಡೆ. ಮರುದಿನ ರೊಟ್ಟಿಯನ್ನು ಮೂಸಿ ಬಿಟ್ಟಿತು. ಮೂರನೆಯ ದಿನ ಅದು ಮಲಗಿದ್ದ ಗೋಣಿಚೀಲದ ಮೇಲೆ ಕೀವಿನ ಕಲೆ. ಗರ್ಭಕೋಶದ ತುಂಬ ಕೀವು. ವೈದ್ಯರು ಪಯೋಮೆಟ್ರಾ ಎನ್ನುತ್ತಾರೆ. ಕೀವು ಹೊರಗೆ ಬಂದದ್ದೇ ಪುಣ್ಯ. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರೆ ನಂಜೇರುವವರೆಗೆ ನಮಗೆ ಸುಳಿವೇ ಸಿಗುತ್ತಿರಲಿಲ್ಲ. ರಾತ್ರಿಯೇ ಆಪರೇಷನ್ ಆಯಿತು, ಬದುಕಿತು. ಆದರೆ ನಂಜೇರಿದ ಮೈಯನ್ನು ಕೊಯ್ಯುವುದೂ ಗಟ್ಟಿಮುಟ್ಟಾದ ಎಳೆಯ ನಾಯಿಯನ್ನು ಕೊಯ್ಯುವುದೂ ಒಂದೇ ಅಲ್ಲ. ಅಂಡಾಶಯ, ಗರ್ಭಕೋಶ ಎರಡನ್ನೂ ಮೊದಲೇ ತೆಗೆಸಿದರೆ ಆ ಕಾಯಿಲೆಗೆ ಜಾಗವೇ ಉಳಿಯುವುದಿಲ್ಲ. ಮೊಲೆಗಳಲ್ಲಿ ಗಡ್ಡೆಯಾಗುವ ಭಯವೂ ಎಳೆತನದಲ್ಲೇ ಮಾಡಿಸಿದರೆ ಕಡಿಮೆ.

ಹಾಗೆಂದು ನಾಳೆಯೇ ಹೊರಡಬೇಡಿ. ಬೆದೆಯ ಹೊತ್ತಿನಲ್ಲಿ ಗರ್ಭಕೋಶದ ರಕ್ತನಾಳಗಳು ದಪ್ಪಗಾಗಿರುತ್ತವೆ, ರಕ್ತಸ್ರಾವ ಹೆಚ್ಚು. ಬೆದೆ ಮುಗಿದು ಎರಡು ಮೂರು ತಿಂಗಳು ಬಿಡಬೇಕು. ನಿಮ್ಮ ಲೆಕ್ಕಕ್ಕೆ ಅದು ಸಂಕ್ರಾಂತಿ ಕಳೆದ ಮೇಲೆ. ಶಿವರಾತ್ರಿ ದಾಟಿಸಿದರೆ ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ತೇಕುವ ನಾಯಿಯನ್ನು ಕೋಣೆಯಲ್ಲಿ ಕೂಡಿಹಾಕುವುದು ಶಿಕ್ಷೆ.

ಅದಕ್ಕೂ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಉಣ್ಣಿಯಿಂದ ಬರುವ ಜ್ವರ ಒಳಗೇ ಇದ್ದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕುಸಿದಿರಬಹುದು, ಆಗ ಕೊಯ್ದ ಜಾಗದಲ್ಲಿ ರಕ್ತ ನಿಲ್ಲುವುದಿಲ್ಲ. ನಾಯಿ ಮೇಲ್ನೋಟಕ್ಕೆ ಚುರುಕಾಗಿಯೇ ಇರಬಹುದು. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯೇ ಎಂದು ಒಮ್ಮೆ ಕೈಯಾಡಿಸಿ ನೋಡಿ.

ಇನ್ನೊಂದು, ಮುಧೋಳ ಸಾಕುವವರು ಮರೆಯಬಾರದ್ದು. ಈ ನಾಯಿಯ ಮೈಯಲ್ಲಿ ಕೊಬ್ಬು ಬಹಳ ಕಡಿಮೆ. ಥಯೋಪೆಂಟೋನ್‌ನಂತಹ ಅರಿವಳಿಕೆ ಕೊಟ್ಟರೆ ಇಂಥ ತೆಳುಮೈಯ ಬೇಟೆನಾಯಿಗಳು ತೀರ ತಡವಾಗಿ ಏಳುತ್ತವೆ. ವೈದ್ಯರಿಗೆ ತಳಿಯ ಹೆಸರು ಹೇಳಿ, ಅಲ್ಲಿಯೇ ತೂಕ ಮಾಡಿಸಿ, ಯಾವ ಔಷಧ ಎಂದು ಸಂಕೋಚವಿಲ್ಲದೆ ಕೇಳಿ. ಎಚ್ಚರವಾಗುವವರೆಗೆ ಹೊದಿಸಲು ಒಂದು ಕಂಬಳಿ ಒಯ್ಯಿರಿ. ಹಿಂದಿನ ರಾತ್ರಿಯ ಊಟವೇ ಕೊನೆ. ನೀರು ಎಷ್ಟು ಹೊತ್ತಿನವರೆಗೆ ಎಂದು ಅವರೇ ಹೇಳುತ್ತಾರೆ.

ಬಳ್ಳಾರಿಯ ಗೆಳೆಯರು ಗ್ರೇಟ್ ಡೇನ್ ಎಂಬ ದೈತ್ಯ ತಳಿಯ ಬಗ್ಗೆ ಕೇಳಿದ್ದಾರೆ. ಅದರ ಜಠರ ಗಾಳಿ ತುಂಬಿ ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಜಠರವನ್ನು ಹೊಟ್ಟೆಯ ಬಲಗೋಡೆಗೆ ಹೊಲಿಸಿದರೆ ಉಬ್ಬರ ಬರಬಹುದು, ತಿರುಚುವುದು ಬಹುಮಟ್ಟಿಗೆ ತಪ್ಪುತ್ತದೆ. ಮಕ್ಕಳಾಗದ ಆಪರೇಷನ್ ಜೊತೆಗೇ ಇದನ್ನೂ ಮಾಡಬಹುದು, ನುರಿತ ಕೈ ಬೇಕು. ಮುಧೋಳಕ್ಕೆ ನಾನಾದರೆ ಮಾಡಿಸುವುದಿಲ್ಲ. ಗ್ರೇಟ್ ಡೇನ್‌ನ ಕಿವಿ ಕತ್ತರಿಸುವುದು ಮಾತ್ರ ಮುಂಜಾಗ್ರತೆಯಲ್ಲ, ಬರೀ ಶೋಕಿ.

ಮನೆಗೆ ಬಂದ ಮೇಲೆ ಕೊರಳಿಗೆ ಲಾಳಿಕೆಯಂಥ ಪಟ್ಟಿ ಹಾಕಿ, ಇಲ್ಲವಾದರೆ ಗಾಯವನ್ನು ನೆಕ್ಕಿ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ನಮ್ಮ ನೋವಿನ ಮಾತ್ರೆಗಳನ್ನು ಕೊಡಲೇಬೇಡಿ, ಐಬುಪ್ರೊಫೆನ್ ನಾಯಿಗೆ ವಿಷ. ಹೊಲಿಗೆ ಬಿಚ್ಚುವವರೆಗಿನ 10ರಿಂದ 14 ದಿನ ಹಗ್ಗ ಕೈಯಲ್ಲೇ ಇರಲಿ. ಐದನೆಯ ದಿನಕ್ಕೆ ವಾಸಿಯಾದಂತೆ ಕಾಣುತ್ತದೆ, ಅಷ್ಟರಲ್ಲಿ ಬದುವಿನ ಮೇಲೆ ಮೊಲ ಕಂಡರೆ ಮುಗಿಯಿತು.